ಹವ್ಯಾಸದ ಗುಂಪಿಗೊಬ್ಬ ನೀರುಗಂಟಿ

ಮಳೆಗಾಲದ ಸಂಜೆ. ಮಲೆನಾಡಿನ ಯಾವುದೋ ಕೊಟ್ಟಿಗೆಯ ಮೂಲೆಯಲ್ಲಿ ಸುರುಳಿ ಸುತ್ತಿ ಮಲಗಿದ ಮರಿಹಾವಿನ ಫೋಟೊ ಒಂದು ಗ್ರೂಪಿಗೆ ಬಂದು ಬೀಳುತ್ತದೆ. ‘ಇದು ಯಾವ ಹಾವು? ಮನೇಲಿ ಮಕ್ಕಳಿದಾರೆ, ಬೇಗ ಹೇಳಿ.’ ಎರಡು ನಿಮಿಷದಲ್ಲಿ ಏಳು ಉತ್ತರ. ‘ಹೆಬ್ಬಾವಿನ ಮರಿ, ಏನೂ ಮಾಡಲ್ಲ’ ಎಂದು ಒಬ್ಬರು. ‘ಕೊಳಕುಮಂಡಲ, ಹತ್ತಿರ ಹೋಗಬೇಡಿ’ ಎಂದು ಇನ್ನೊಬ್ಬರು. ‘ನೀವು ಎಷ್ಟು ವರ್ಷದಿಂದ ಹಾವು ನೋಡ್ತಿದೀರಿ ಸರ್?’ ಎಂದು ಜಗಳ ಶುರು. ನಡುವೆ ಯಾರದೋ ಶುಭಸಂಜೆಯ ಹೂಗುಚ್ಛ. ಗ್ರೂಪಿಗೆ ನಾಲ್ವರು ಅಡ್ಮಿನ್‌ಗಳಿದ್ದಾರೆ. ಒಬ್ಬರು ಗ್ರೂಪ್ ಶುರು ಮಾಡಿದವರು, ವರ್ಷದಿಂದ ಇತ್ತ ತಲೆ ಹಾಕಿಲ್ಲ. ಇಬ್ಬರು ಅವರ ಸ್ನೇಹಿತರು. ನಾಲ್ಕನೆಯವರು ವಿಷಯ ಬಲ್ಲವರೇ. ಆದರೆ ತಪ್ಪು ಹೇಳಿದವರು ತಮಗಿಂತ ಹಿರಿಯರಲ್ಲವೇ ಎಂಬ ದಾಕ್ಷಿಣ್ಯಕ್ಕೆ ಸುಮ್ಮನಿದ್ದಾರೆ.

ಹಕ್ಕಿ ನೋಡುವವರು, ತಾರಸಿ ತೋಟದವರು, ಅಂಚೆಚೀಟಿ ಕೂಡಿಡುವವರು, ದೂರದರ್ಶಕ ಹಿಡಿದು ಆಕಾಶ ನೋಡುವವರು, ಹ್ಯಾಮ್ ರೇಡಿಯೊದವರು ಹೀಗೆ ಒಂದೊಂದು ಹವ್ಯಾಸಕ್ಕೂ ಇವತ್ತು ಆನ್‌ಲೈನ್ ಗುಂಪುಗಳಿವೆ. ಹಿಂದೆ ಊರಿಗೊಬ್ಬರೋ ಇಬ್ಬರೋ ಇದ್ದ ಆಸಕ್ತರಿಗೆ ಅವು ಒಡನಾಟ ಕೊಟ್ಟಿವೆ. ಅಂಥ ಗುಂಪು ಬೆಳೆಯುವುದೂ ಹಾಳಾಗುವುದೂ ಬಹುಪಾಲು ಅದನ್ನು ನಡೆಸುವ ಮೂರ್ನಾಲ್ಕು ಜನರ ಕೈಯಲ್ಲಿರುತ್ತದೆ. ಆದರೂ ಆ ಮೂರ್ನಾಲ್ಕು ಜನರನ್ನು ಆರಿಸುವುದಕ್ಕೆ ನಾವು ಒಂದು ಕಪ್ ಕಾಫಿ ಕುಡಿಯುವಷ್ಟು ಹೊತ್ತೂ ಯೋಚಿಸುವುದಿಲ್ಲ. ‘ನೀವೂ ಅಡ್ಮಿನ್ ಆಗಿ ಸರ್’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಅರ್ಹತೆ ಎಂದರೆ ಏನು, ಅದನ್ನು ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಗೆ ಕಳೆದ ನಾಲ್ಕು ದಶಕಗಳ ಅನುಭವದಲ್ಲಿ ಸಾಕಷ್ಟು ಉತ್ತರ ಸಿಗುತ್ತದೆ. ಅಭ್ಯರ್ಥಿಯ ಪಾಂಡಿತ್ಯ, ಹಿರಿತನ, ಜನಪ್ರಿಯತೆ ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಆತ ಅದೇ ಗುಂಪಿನಲ್ಲಿ ಇಲ್ಲಿಯವರೆಗೆ ನಡೆದುಕೊಂಡ ರೀತಿಯನ್ನು, ಅದರಲ್ಲೂ ತನ್ನ ಮಾತು ತಪ್ಪಾದಾಗ ನಡೆದುಕೊಂಡ ರೀತಿಯನ್ನು ಎಂಬುದು ಆ ಅನುಭವದಿಂದ ಹೊರಡುವ ತೀರ್ಮಾನ.

ತೂಬಿನ ಬಳಿಯ ಮನುಷ್ಯ

ಕೋಲಾರ, ತುಮಕೂರು ಸೀಮೆಯ ಕೆರೆಗಳನ್ನು ಬಲ್ಲವರಿಗೆ ನೀರುಗಂಟಿ ಗೊತ್ತು. ತೂಬು ಎತ್ತುವುದು, ಸರದಿಯಂತೆ ಕಾಲುವೆ ತಿರುಗಿಸುವುದು, ಅಚ್ಚುಕಟ್ಟಿನ ಕೊನೆಯ ಗದ್ದೆಗೂ ನೀರು ಮುಟ್ಟಿತೇ ಎಂದು ನಡೆದು ನೋಡುವುದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಕೊಡುವ ಕಾಳು ಅವನ ಕೂಲಿ. ಆ ಕೆಲಸ ಹುಟ್ಟಿನಿಂದ ಅಂಟಿಬರುತ್ತಿತ್ತು, ಹೆಚ್ಚಾಗಿ ದಲಿತ ಕುಟುಂಬಗಳ ಪಾಲಿಗೇ ಬರುತ್ತಿತ್ತು. ಆಯ್ಕೆಯ ಆ ಬಗೆಯಲ್ಲಿ ನಾವು ಅನುಸರಿಸಬೇಕಾದ್ದು ಏನೂ ಇಲ್ಲ. ಕೆಲಸದ ಸ್ವರೂಪದಲ್ಲಿ ಮಾತ್ರ ಕಲಿಯುವುದಿದೆ. ನೀರುಗಂಟಿ ಊರಿನ ದೊಡ್ಡ ಹಿಡುವಳಿದಾರನಾಗಿರಲಿಲ್ಲ, ಯಾವ ಬೆಳೆ ಇಡಬೇಕೆಂದು ಹೇಳುವ ಕೃಷಿಪಂಡಿತನ ಪಾತ್ರವೂ ಅವನದಲ್ಲ. ಯಾವ ಗದ್ದೆಗೆ ಯಾವತ್ತು ನೀರು ಹೋಗಿದೆ, ಯಾರು ರಾತ್ರಿ ಕಾಲುವೆ ಒಡೆಯುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಕೆಲಸಕ್ಕೆ ಆ ರೈತರಿಗೇ ಅವನು ಉತ್ತರ ಹೇಳಬೇಕಿತ್ತು.

ಹಂಚಿಕೊಂಡು ಬಳಸುವ ಸಂಪತ್ತನ್ನು ಜನ ಹೇಗೆ ಉಳಿಸಿಕೊಳ್ಳುತ್ತಾರೆ ಎಂದು ಜೀವಮಾನವಿಡೀ ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, 1990ರ ತಮ್ಮ ಪುಸ್ತಕದಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ನೀರಾವರಿ, ಮೀನುಗಾರಿಕೆ, ಹುಲ್ಲುಗಾವಲುಗಳಲ್ಲಿ ಬಹುಕಾಲ ಬಾಳಿದ ವ್ಯವಸ್ಥೆಗಳನ್ನು ನೋಡಿದರೆ, ಕಾವಲಿನವರು ಬಳಕೆದಾರರೇ ಆಗಿರುತ್ತಾರೆ, ಇಲ್ಲವೇ ಬಳಕೆದಾರರಿಗೆ ಉತ್ತರದಾಯಿಗಳಾಗಿರುತ್ತಾರೆ. ಶಿಕ್ಷೆಯೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹವ್ಯಾಸಿ ಗುಂಪಿನಲ್ಲಿ ಹಂಚಿಕೊಳ್ಳುವ ಸಂಪತ್ತು ಸದಸ್ಯರ ಗಮನ ಮತ್ತು ನಂಬಿಕೆ. ಮೇಲಿನ ಗದ್ದೆಯವರು ನೀರೆಲ್ಲ ಎಳೆದುಕೊಂಡಂತೆ ಹತ್ತು ಜನ ಬಾಯಿಬಡುಕರು ಅದನ್ನು ಎಳೆದುಕೊಂಡರೆ, ಕೊನೆಯ ಗದ್ದೆಯ ಹೊಸಬರಿಗೆ ಉಳಿಯುವುದೇನು?

ಬಲ್ಲವರೇ ನಡೆಸಲಿ ಎಂಬ ವಾದ

ಹಾವಿನ ಗುಂಪನ್ನು ಹಾವು ಬಲ್ಲವರೇ ನಡೆಸಲಿ ಎನ್ನುವುದು ಮೊದಲು ಎದುರಾಗುವ ವಾದ. ಇದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ, ಎಂದರೆ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂದು ಅಂದಾಜು ಮಾಡಲಾಗಿದೆ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಎಂದು ನಂಬಿ ಕೈ ಹಾಕುವ ಪ್ರಮಾದ ನಮ್ಮ ಊರುಗಳಲ್ಲಿ ನಡೆಯುವಂಥದ್ದೇ. ಅಣಬೆಯ ವಿಷಯದಲ್ಲೂ ಇದೇ ಮಾತು. ವಿಷದ ಅಣಬೆ, ಗಿಡ ತಿಂದವರಿಗಾಗಿಯೇ ಫೇಸ್‌ಬುಕ್‌ನಲ್ಲಿರುವ ಒಂದು ಅಂತರರಾಷ್ಟ್ರೀಯ ತುರ್ತು ಗುಂಪು, ಪರಿಶೀಲಿಸಿ ಒಪ್ಪಿದ ತಜ್ಞರಿಗೆ ಮಾತ್ರ ಉತ್ತರ ಕೊಡಲು ಬಿಡುತ್ತದೆ. ಹಾಗಿರಬೇಕಾದ್ದು ಸರಿಯೇ. ಜ್ಞಾನವಿಲ್ಲದ ಅಡ್ಮಿನ್ ಮಾಡುವ ಅನಾಹುತ ಇನ್ನೊಂದು ಬಗೆಯದೂ ಇದೆ: ನಕ್ಷತ್ರ ಆಮೆಯೋ ಕಾಡುಪಾಪವೋ ಕಂಡ ಜಾಗವನ್ನು ಯಾರಾದರೂ ಹೆಸರು ಹಾಕಿ ಬರೆದರೆ ಅದನ್ನು ಕೂಡಲೇ ಅಳಿಸಬೇಕು ಎಂದು ತಿಳಿಯದವನು, ಕಳ್ಳಸಾಗಣೆದಾರರಿಗೆ ದಾರಿ ತೋರಿಸುವ ಫಲಕವನ್ನು ಹಾಗೇ ಬಿಟ್ಟಂತೆ. ಈ ಅಪಾಯ ಗೊತ್ತಿರುವುದರಿಂದಲೇ ಇ-ಬರ್ಡ್, ಐ-ನ್ಯಾಚುರಲಿಸ್ಟ್‌ನಂಥ ತಾಣಗಳು ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ಮರೆಮಾಡುತ್ತವೆ.

ಆದರೂ ಇಷ್ಟರಿಂದ ತಜ್ಞರೇ ಅಡ್ಮಿನ್ ಆಗಬೇಕು ಎಂದಾಗುವುದಿಲ್ಲ. ಗುರುತು ಹೇಳುವುದು ಒಂದು ಕೆಲಸ, ಗುಂಪು ನಡೆಸುವುದು ಇನ್ನೊಂದು. 2002ರಲ್ಲಿ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ ಆರಂಭಿಸಿದ ಇ-ಬರ್ಡ್ ಇದಕ್ಕೆ ಒಳ್ಳೆಯ ಮಾದರಿ. ಒಂದು ಪ್ರದೇಶದಲ್ಲಿ, ಒಂದು ಋತುವಿನಲ್ಲಿ ಕಾಣಸಿಗದ ಹಕ್ಕಿಯನ್ನು ಯಾರಾದರೂ ಪಟ್ಟಿಗೆ ಹಾಕಿದರೆ ಆ ದಾಖಲೆ ತಾನಾಗಿ ಪಕ್ಕಕ್ಕೆ ಸರಿದು, ಆ ಪ್ರದೇಶದ ಹಕ್ಕಿಗಳನ್ನು ಬಲ್ಲ ಸ್ವಯಂಸೇವಕ ಪರಿಶೀಲಕರ ಬಳಿ ಹೋಗುತ್ತದೆ. ಅವರು ಫೋಟೊ ಕೇಳಬಹುದು, ವಿವರಣೆ ಕೇಳಬಹುದು, ಒಪ್ಪದಿರಬಹುದು. ಅವರು ತೂಗುವುದು ದಾಖಲೆಯನ್ನು. ಹಾಕಿದವರ ಮರ್ಯಾದೆಯನ್ನು ಅಲ್ಲ. ಹವ್ಯಾಸಿ ಗುಂಪುಗಳೂ ಹೀಗೆ ಎರಡು ಪಾತ್ರಗಳನ್ನು ಬೇರೆ ಮಾಡಬೇಕು. ತಜ್ಞರ ಹೆಸರಿನ ಮುಂದೆ ಒಂದು ಗುರುತಿರಲಿ, ಅವರ ಉತ್ತರ ಮೇಲೆ ಕಾಣಲಿ. ಅಡ್ಮಿನ್ ಆದವರಿಗೆ ಯಾವ ಪ್ರಶ್ನೆಯನ್ನು ಯಾರ ಬಳಿ ಒಯ್ಯಬೇಕು, ಯಾವುದು ಅಪಾಯದ ಉತ್ತರ ಎಂದು ತಿಳಿಯುವಷ್ಟು ಜ್ಞಾನ ಇದ್ದರೆ ಸಾಕು. ಒಬ್ಬರೇ ಎರಡೂ ಪಾತ್ರ ವಹಿಸಿದಾಗ, ತಜ್ಞರ ಗುರುತಿಸುವಿಕೆಯನ್ನು ಪ್ರಶ್ನಿಸುವುದೇ ಶಿಸ್ತುಭಂಗವಾಗಿ ಕಾಣತೊಡಗುತ್ತದೆ. ವಿಜ್ಞಾನಕ್ಕೂ ಹವ್ಯಾಸಕ್ಕೂ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ದುಡಿಮೆ ಮಾತ್ರ ನೋಡಿದರೆ

ಪಾಂಡಿತ್ಯ ಬೇಡ, ಹೆಚ್ಚು ದುಡಿಯುವವರನ್ನು ಆರಿಸೋಣ ಎನ್ನುವುದು ಇನ್ನೊಂದು ದಾರಿ. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದ ಕಥೆ ಇದಕ್ಕೆ ಉತ್ತರ. 2020ರ ಆಗಸ್ಟ್‌ನಲ್ಲಿ ಒಂದು ಸಂಗತಿ ಹೊರಬಿತ್ತು: ಆ ವಿಶ್ವಕೋಶದ ಸುಮಾರು ಮೂರನೇ ಒಂದು ಭಾಗದಷ್ಟು, ಎಂದರೆ 20,000ಕ್ಕೂ ಹೆಚ್ಚು ಲೇಖನಗಳಲ್ಲಿ ಕೈಯಾಡಿಸಿದ್ದವನು ಅಮೆರಿಕದ ಒಬ್ಬ ಹದಿಹರೆಯದ ಹುಡುಗ, ಅವನಿಗೆ ಸ್ಕಾಟ್ಸ್ ಬರುತ್ತಿರಲಿಲ್ಲ. ನಿಘಂಟು ನೋಡಿ ಇಂಗ್ಲಿಷ್ ಪದದ ಜಾಗಕ್ಕೆ ಸ್ಕಾಟ್ಸ್ ಪದ ಇಟ್ಟಿದ್ದ. ಅವನು ಅಲ್ಲಿ ನಿರ್ವಾಹಕನೂ ಆಗಿದ್ದ. ಅವನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ, ಚಿಕ್ಕ ವಯಸ್ಸಿನಿಂದ ವರ್ಷಗಟ್ಟಲೆ ಮನಸ್ಸಿಟ್ಟು ದುಡಿದಿದ್ದ. ಅವನಿಗಿಂತ ಹೆಚ್ಚಾಗಿ ಮರುಕ ಹುಟ್ಟಿಸುವುದು ಅವನ ಸುತ್ತಲ ಮೌನ. ಸಂಖ್ಯೆ ನೋಡಿದವರು ಒಂದು ಪುಟವನ್ನಾದರೂ ಓದಿ ನೋಡಲಿಲ್ಲ. ಓದಬಲ್ಲವರು ಅಲ್ಲಿ ಇರಲಿಲ್ಲ. ಚಿಕ್ಕ ಭಾಷೆಯ, ಚಿಕ್ಕ ಸಮುದಾಯದ ಗುಂಪುಗಳಿಗೆ ಈ ಅಪಾಯ ಹೆಚ್ಚು. ಅಂತರಜಾಲದ ಕನ್ನಡದಲ್ಲಿ ಕೆಲಸ ಮಾಡುವವರು, 2003ರಲ್ಲಿ ಆರಂಭವಾದ ನಮ್ಮ ಕನ್ನಡ ವಿಕಿಪೀಡಿಯದವರೂ ಸೇರಿ, ಇದನ್ನು ದೂರದ ಕಥೆ ಎಂದು ಬಿಡುವಂತಿಲ್ಲ.

ದೊಡ್ಡ ಗುಂಪುಗಳು ಈ ಪಾಠವನ್ನು ತಾವಾಗಿಯೇ ಕಲಿತಿರುವುದುಂಟು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಮುದಾಯ ಯಾರನ್ನು ನಿರ್ವಾಹಕರಾಗಿ ಒಪ್ಪುತ್ತದೆ ಎಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರಾದ ಮೋಯ್ರಾ ಬರ್ಕ್ ಮತ್ತು ರಾಬರ್ಟ್ ಕ್ರೌಟ್ 2008ರಲ್ಲಿ ಪರಿಶೀಲಿಸಿದರು. ಬರೇ ಲೇಖನಗಳನ್ನು ತಿದ್ದಿದ ಸಂಖ್ಯೆಯಿಂದ ಆಯ್ಕೆಯನ್ನು ಊಹಿಸುವುದು ಕಷ್ಟವಾಯಿತು. ಬೇರೆ ಬೇರೆ ಬಗೆಯ ಕೆಲಸ ಮಾಡಿದ ಅನುಭವ, ನಿಯಮ ರೂಪಿಸುವಲ್ಲಿ, ಕೂಡಿ ಮಾಡುವ ಯೋಜನೆಗಳಲ್ಲಿ ಭಾಗವಹಿಸಿದ್ದು ಹೆಚ್ಚು ತೂಕ ಪಡೆದಿತ್ತು. ಎಂದರೆ ಮತ ಹಾಕುವವರು ಅಭ್ಯರ್ಥಿ ಮಾಡಿದ ರಾಶಿಯನ್ನು ಬಿಟ್ಟು, ಇತರರೊಂದಿಗೆ ಸೇರಿ ಏನು ಮಾಡಿದ ಎಂಬುದನ್ನು ನೋಡುತ್ತಿದ್ದರು.

ಶುರು ಮಾಡಿದವರ ಹಕ್ಕು

ಗ್ರೂಪ್ ಕಟ್ಟಿದವರು ನಾವು, ಯಾರನ್ನು ಕೂರಿಸಬೇಕೆಂದು ನಾವೇ ತೀರ್ಮಾನಿಸುತ್ತೇವೆ ಎಂಬ ಮಾತಿನಲ್ಲೂ ಒಂದಿಷ್ಟು ನ್ಯಾಯವಿದೆ. ಮೊದಲ ಐವತ್ತು ಜನ ಇದ್ದಾಗ ಅವರೇ ಎಲ್ಲ ಹೊತ್ತಿರುತ್ತಾರೆ. ಆದರೆ ಐವತ್ತು ಜನ ಐದು ಸಾವಿರವಾದಾಗ ಅಲ್ಲಿ ಕೂಡಿದ ಜ್ಞಾನ ಐದು ಸಾವಿರ ಜನರದ್ದು. ರೆಡ್ಡಿಟ್ ಎಂಬ ಚರ್ಚಾತಾಣದಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಲ್ಲಿ ಮೊದಲು ಬಂದ ಮಾಡರೇಟರ್ ಮೇಲೆ, ಆಮೇಲೆ ಬಂದವರು ಕೆಳಗೆ. ಕೆಳಗಿನವರು ಮೇಲಿನವರನ್ನು ತೆಗೆಯುವಂತಿಲ್ಲ. ದಿನವೂ ದುಡಿಯುವವರ ತಲೆಯ ಮೇಲೆ, ಎಂದೋ ಹೆಸರು ನೋಂದಾಯಿಸಿದವರು ಕೂತಿರುವ ವಿಚಿತ್ರ ಇದರಿಂದ ಹುಟ್ಟುತ್ತದೆ.

ಹಾಗೆಂದು ಮತದಾನವೊಂದೇ ಮದ್ದೂ ಅಲ್ಲ. ಕ್ರೊಯೇಷಿಯನ್ ವಿಕಿಪೀಡಿಯವನ್ನು ಒಂದು ರಾಜಕೀಯ ನಿಲುವಿನ ನಿರ್ವಾಹಕರ ಕೂಟ ಸುಮಾರು ಹತ್ತು ವರ್ಷ ಹಿಡಿದಿಟ್ಟಿತ್ತು. ಒಪ್ಪದವರನ್ನು ಹೊರಗೆ ಹಾಕುವ ಅಧಿಕಾರ ಕೈಯಲ್ಲಿದ್ದ ಮೇಲೆ, ಉಳಿದವರ ಮತದಿಂದ ಗೆಲ್ಲುವುದು ಕಷ್ಟವಾಗಲಿಲ್ಲ. ವಿಕಿಮೀಡಿಯ ಫೌಂಡೇಶನ್ 2021ರಲ್ಲಿ ಪ್ರಕಟಿಸಿದ ವರದಿ ಇದನ್ನು ವಿವರವಾಗಿ ದಾಖಲಿಸಿದೆ. ಆದ್ದರಿಂದ ಏರಿಸುವ ಏಣಿ ಇರುವಲ್ಲಿ ಇಳಿಸುವ ಏಣಿಯೂ ಇರಬೇಕು. ಚಿಕ್ಕ ವಿಕಿಗಳಲ್ಲಿ ಕೆಲವು ತಿಂಗಳ ಮಟ್ಟಿಗೆ ಮಾತ್ರ ನಿರ್ವಾಹಕತ್ವ ಕೊಟ್ಟು, ಅವಧಿ ಮುಗಿದ ಮೇಲೆ ಮತ್ತೆ ಕೇಳಿ ಪಡೆಯುವ ರೂಢಿ ಇದೆ. ಹವ್ಯಾಸಿ ಗುಂಪುಗಳು ಎರವಲು ಪಡೆಯಬೇಕಾದ ರೂಢಿಗಳಲ್ಲಿ ಇದು ಬಹಳ ಮುಖ್ಯವಾದದ್ದು.

ಹಳೆಯ ಮಾತುಗಳನ್ನು ಓದಿ ನೋಡಿ

ಹಾಗಾದರೆ ಅರ್ಹತೆಯನ್ನು ಪತ್ತೆ ಮಾಡುವುದು ಹೇಗೆ? ಆನ್‌ಲೈನ್ ಗುಂಪಿಗೆ ಊರ ಪಂಚಾಯಿತಿಗೂ ಇಲ್ಲದ ಒಂದು ಅನುಕೂಲವಿದೆ. ಅಲ್ಲಿ ಆಡಿದ ಮಾತೆಲ್ಲ ಉಳಿದಿರುತ್ತದೆ. ಒಬ್ಬರ ಹೆಸರು ಪ್ರಸ್ತಾಪವಾದಾಗ ಅವರ ಕಳೆದ ಆರು ತಿಂಗಳ ಮಾತುಗಳನ್ನು ಕೂತು ಓದಿದರೆ, ಯಾವ ಸಂದರ್ಶನದಲ್ಲೂ ಸಿಗದಷ್ಟು ಗೊತ್ತಾಗುತ್ತದೆ. ಅವರು ಗುರುತಿಸಿದ ಹಕ್ಕಿ ತಪ್ಪೆಂದು ಯಾರೋ ತೋರಿಸಿಕೊಟ್ಟ ದಿನ ಏನಾಯಿತು ಎಂಬುದನ್ನು ಮೊದಲು ಹುಡುಕಬೇಕು. ‘ಹೌದು, ರೆಕ್ಕೆಯ ಪಟ್ಟಿ ನಾನು ಗಮನಿಸಿರಲಿಲ್ಲ, ತಿದ್ದಿದ್ದಕ್ಕೆ ಧನ್ಯವಾದ’ ಎಂದು ಬರೆದರೇ? ಸದ್ದಿಲ್ಲದೆ ಅಳಿಸಿದರೇ? ಫೋಟೊ ಚೆನ್ನಾಗಿಲ್ಲ ಎಂದು ಜಾರಿಕೊಂಡರೇ? ಇದಕ್ಕೇ ಹೆಚ್ಚು ಬೆಲೆ ಏಕೆಂದರೆ, ಅಡ್ಮಿನ್ ಆದವರು ತಪ್ಪು ಮಾಡಿಯೇ ಮಾಡುತ್ತಾರೆ. ನಿರಪರಾಧಿಯೊಬ್ಬರ ಪೋಸ್ಟ್ ಅಳಿಸುತ್ತಾರೆ, ಜಗಳದಲ್ಲಿ ತಪ್ಪು ವ್ಯಕ್ತಿಯನ್ನು ಹೊರಗೆ ಹಾಕುತ್ತಾರೆ. ಅಧಿಕಾರವಿಲ್ಲದಿದ್ದಾಗಲೇ ತಪ್ಪು ಒಪ್ಪಲಾಗದವರು ಅಧಿಕಾರ ಸಿಕ್ಕಮೇಲೆ ಒಪ್ಪುತ್ತಾರೆ ಎಂದು ನಂಬಲು ಕಾರಣವಿಲ್ಲ.

ಆಮೇಲೆ, ‘ಮಲ್ಲಿಗೆ ಗಿಡ ಯಾಕೆ ಹೂ ಬಿಡ್ತಿಲ್ಲ’ ಎಂದು ಐವತ್ತನೆಯ ಸಲ ಕೇಳಿದ ಹೊಸಬರಿಗೆ ಅವರು ಕೊಟ್ಟ ಉತ್ತರ ನೋಡಬೇಕು. ಕೊನೆಯದಾಗಿ, ನಮ್ಮಲ್ಲಿ ಬಹಳ ಕಷ್ಟವಾದ ಪರೀಕ್ಷೆ: ತಮ್ಮ ಸ್ನೇಹಿತರೋ, ವಯಸ್ಸಿನಲ್ಲಿ ಹಿರಿಯರೋ ನಿಯಮ ಮುರಿದಾಗ ಅವರು ಬಾಯಿ ಬಿಟ್ಟಿದ್ದಾರೆಯೇ? ಕನ್ನಡದ ಗುಂಪುಗಳನ್ನು ಕೆಡಿಸುವುದು ದುಷ್ಟತನಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯ. ಮೇಷ್ಟ್ರು ಹಾಕಿದ ರಾಜಕೀಯದ ಫಾರ್ವರ್ಡ್ ಅನ್ನು ತೆಗೆಯುವುದು ಹೇಗೆ, ದೊಡ್ಡವರು ತಾನೇ ಎಂದು ಬಿಟ್ಟ ದಿನ, ಅದೇ ತಪ್ಪಿಗೆ ಹೊರಗೆ ಹೋದ ಹುಡುಗನಿಗೆ ಈ ಗುಂಪಿನ ನಿಯಮ ಏನೆಂದು ಅರ್ಥವಾಗಿಬಿಡುತ್ತದೆ. ‘ಸರ್, ದಯವಿಟ್ಟು ತಪ್ಪು ತಿಳೀಬೇಡಿ, ಇದು ಹಕ್ಕಿಗಳ ಗುಂಪು, ಈ ಪೋಸ್ಟ್ ತೆಗೀತಿದೀನಿ’ ಎಂದು ಗೌರವದಿಂದ ಬರೆದು, ಬರೆದಂತೆ ಮಾಡುವವರು ಸಿಕ್ಕರೆ ಅವರನ್ನು ಬಿಡಬಾರದು.

ಕಾರಣ ಹೇಳುವ ಈ ಅಭ್ಯಾಸ ಬರೇ ಸೌಜನ್ಯವಲ್ಲ, ಅದರಿಂದ ಕೆಲಸವೂ ಆಗುತ್ತದೆ. ಶಗುನ್ ಝಾವೇರ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ, ರೆಡ್ಡಿಟ್‌ನ ಕೋಟಿಗಟ್ಟಲೆ ಪೋಸ್ಟ್‌ಗಳನ್ನು ನೋಡಿದ ಅಧ್ಯಯನದಲ್ಲಿ, ಪೋಸ್ಟ್ ತೆಗೆದಾಗ ವಿವರಣೆ ಕೊಟ್ಟರೆ ಮುಂದೆ ಆ ಸದಸ್ಯರ ಪೋಸ್ಟ್ ಮತ್ತೆ ತೆಗೆಯಬೇಕಾಗುವ ಸಾಧ್ಯತೆ ಕಡಿಮೆ ಎಂದು ಕಂಡಿತು. ಅದೇ ವರ್ಷ ನೇಥನ್ ಮಟಾಯಸ್ ಪ್ರಕಟಿಸಿದ ಪ್ರಯೋಗ ಇನ್ನೂ ಸರಳ: ವಿಜ್ಞಾನದ ದೊಡ್ಡ ಚರ್ಚಾಗುಂಪೊಂದರಲ್ಲಿ ಕೆಲವು ಚರ್ಚೆಗಳ ತಲೆಯ ಮೇಲೆ ನಿಯಮಗಳನ್ನು ಬರೆದು ಅಂಟಿಸಿದರು, ಕೆಲವಕ್ಕೆ ಅಂಟಿಸಲಿಲ್ಲ. ಅಂಟಿಸಿದಲ್ಲಿ ಹೊಸಬರು ನಿಯಮ ಪಾಲಿಸುವ ಪ್ರಮಾಣ 8 ಶೇಕಡಾ ಅಂಶಗಳಿಗೂ ಹೆಚ್ಚು ಏರಿತು, ಹೊಸಬರ ಭಾಗವಹಿಸುವಿಕೆ ಸರಾಸರಿ 70 ಶೇಕಡಾ ಹೆಚ್ಚಿತು. ನಿಯಮ ಕಂಡರೆ ಜನ ಹೆದರಿ ಓಡುತ್ತಾರೆ ಎಂಬ ನಮ್ಮ ಅಳುಕಿಗೆ ಇಲ್ಲಿ ಆಧಾರವಿಲ್ಲ. ನಿಯಮ ಮೊದಲು ಬರೆದಿಟ್ಟು ಆಮೇಲೆ ಅಡ್ಮಿನ್ ಆರಿಸುವುದೇ ಸರಿಯಾದ ಕ್ರಮ ಎನ್ನುವುದಕ್ಕೂ ಇದು ಪುಷ್ಟಿ ಕೊಡುತ್ತದೆ.

ಹವ್ಯಾಸಕ್ಕೆ ಇಷ್ಟೆಲ್ಲ ಬೇಕೆ?

ಇದು ಹವ್ಯಾಸ, ವಿಧಾನಸಭೆಯಲ್ಲ. ಇಷ್ಟು ಜಾಲಾಡಿದರೆ ಯಾರು ಮುಂದೆ ಬರುತ್ತಾರೆ ಎಂಬ ಆಕ್ಷೇಪಣೆ ನಿಜಕ್ಕೂ ಗಟ್ಟಿಯಾದದ್ದು. ಇಂಗ್ಲಿಷ್ ವಿಕಿಪೀಡಿಯ ಇದಕ್ಕೆ ದುಬಾರಿ ಬೆಲೆ ತೆತ್ತಿದೆ. 2007ರಲ್ಲಿ ಅಲ್ಲಿ 408 ಜನ ಹೊಸ ನಿರ್ವಾಹಕರಾದರು, 2021ರಲ್ಲಿ ಬರೇ 7. ಇದಕ್ಕೆ ಕಾರಣ ಹಲವು. ಆದರೆ ಒಂದು ವಾರ ಎಲ್ಲರೆದುರು ನಿಲ್ಲಿಸಿ, ಹಳೆಯದನ್ನೆಲ್ಲ ಕೆದಕಿ, ಹೆಸರು ಹಾಕಿ ಪರ ವಿರೋಧ ಬರೆಯುವ ಆ ಪದ್ಧತಿಗೆ ಹೆದರಿ ಒಳ್ಳೆಯವರೇ ಹಿಂದೆ ಸರಿದರು ಎಂಬುದನ್ನು ಅಲ್ಲಿಯವರೇ ಒಪ್ಪಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಪ್ರಯೋಗವಾಗಿ ಹಲವು ಅಭ್ಯರ್ಥಿಗಳನ್ನು ಒಟ್ಟಿಗೆ ನಿಲ್ಲಿಸಿ ಗುಪ್ತ ಮತದಾನ ನಡೆಸಿದಾಗ ಒಂದೇ ಸಲಕ್ಕೆ 11 ಜನ ಆಯ್ಕೆಯಾದರು. ನಿರ್ವಾಹಕರನ್ನು ವಾಪಸ್ ಕರೆಯುವ ಪದ್ಧತಿಯೂ ಅದೇ ವರ್ಷ ಬಂತು. ಇಳಿಸುವುದು ಸುಲಭವಾದಷ್ಟೂ ಏರಿಸುವಾಗಿನ ಭಯ ಕಡಿಮೆಯಾಗುತ್ತದೆ. ಆದ್ದರಿಂದ ಅಭ್ಯರ್ಥಿಯ ಹಳೆಯ ಮಾತು ಓದುವ ಕೆಲಸವನ್ನು ಇಬ್ಬರು ಮೂವರು ಸದ್ದಿಲ್ಲದೆ ಮಾಡಿ, ಮೂರು ತಿಂಗಳು ಜೊತೆಗಿಟ್ಟುಕೊಂಡು ನೋಡಿ, ಗುಪ್ತವಾಗಿ ಮತ ಕೇಳಿ, ಒಂದು ವರ್ಷದ ಅವಧಿ ಕೊಟ್ಟರೆ ಸಾಕು. ಸ್ಮಾರ್ಟ್‌ಫೋನಿನಲ್ಲೇ ಮುಗಿಯುವ ಕೆಲಸ ಇದು.

ಪೊಲೀಸು, ಕೋರ್ಟಿನ ಭಯದಿಂದ ಅಡ್ಮಿನ್ ಆಗಲು ಹಿಂಜರಿಯುವವರೂ ಇದ್ದಾರೆ. ಸದಸ್ಯರು ಹಾಕಿದ ಆಕ್ಷೇಪಾರ್ಹ ಪೋಸ್ಟಿಗೆ ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಅಡ್ಮಿನ್ ಸ್ವತಃ ಅದರಲ್ಲಿ ಕೈಜೋಡಿಸಿದ್ದರೆ ಮಾತು ಬೇರೆ. ಸದಸ್ಯರ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಸೌಲಭ್ಯ 2022ರಲ್ಲಿ ಅಡ್ಮಿನ್‌ಗಳಿಗೆ ಸಿಕ್ಕಿರುವುದರಿಂದ, ನೈತಿಕ ಹೊಣೆಯಂತೂ ಮೊದಲಿಗಿಂತ ಹೆಚ್ಚಿದೆ. ಇನ್ನು ಇದನ್ನೆಲ್ಲ ಸಾಫ್ಟ್‌ವೇರಿಗೆ ಬಿಡೋಣ ಎಂಬ ಮಾತು: ಬೈಗುಳದ ಪಟ್ಟಿ, ಜಾಹೀರಾತಿನ ಲಿಂಕು ಇವನ್ನು ಯಂತ್ರ ಹಿಡಿಯುತ್ತದೆ, ಹಿಡಿಯಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಕೊಂಕು, ‘ದೊಡ್ಡವರು ನೀವು ಹೇಳಿದ ಮೇಲೆ ಮುಗೀತು’ ಎಂಬ ಮಾತಿನೊಳಗಿನ ಚುಚ್ಚು, ಅದು ಮನುಷ್ಯರಿಗೇ ತಿಳಿಯಬೇಕು.

ಪುಕ್ಕಟೆ ದುಡಿಮೆಯ ಪ್ರಶ್ನೆಯನ್ನು ಮಾತ್ರ ಹೀಗೆ ಬೇಗ ದಾಟುವಂತಿಲ್ಲ. ರೆಡ್ಡಿಟ್‌ನ ಮಾಡರೇಟರುಗಳ ಸಂಬಳವಿಲ್ಲದ ದುಡಿಮೆ ವರ್ಷಕ್ಕೆ ಕಡಿಮೆಯೆಂದರೂ 34 ಲಕ್ಷ ಡಾಲರ್ ಬೆಲೆಬಾಳುತ್ತದೆ ಎಂದು 2022ರ ಅಧ್ಯಯನವೊಂದು ಲೆಕ್ಕ ಹಾಕಿತು. ಅಮೆರಿಕ ಆನ್‌ಲೈನ್ (ಎಒಎಲ್) ಎಂಬ ಅಂತರಜಾಲ ಕಂಪನಿಯ ಸ್ವಯಂಸೇವಕ ಮುಖಂಡರು ತಮ್ಮ ದುಡಿಮೆಗೆ ಕೂಲಿ ಕೇಳಿ 1999ರಲ್ಲಿ ದಾವೆ ಹೂಡಿದ್ದರು, ಅದು 2010ರಲ್ಲಿ ಒಂದೂವರೆ ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ನೀರುಗಂಟಿಗೆ ಸುಗ್ಗಿಯಲ್ಲಿ ಕಾಳು ಸಿಗುತ್ತಿತ್ತು. ನಮ್ಮ ಅಡ್ಮಿನ್‌ಗೆ ಸಿಗುವುದು ಹೆಚ್ಚಾಗಿ ಬೈಗುಳ. ದುಡ್ಡು ಕೊಡಲಾಗದ ಗುಂಪು ಭಾರವನ್ನಾದರೂ ಹಂಚಬೇಕು. ಪಾಳಿ ಇರಲಿ, ರಜೆ ಇರಲಿ, ಒಂದು ವರ್ಷ ದುಡಿದವರು ಬೇಸರವಿಲ್ಲದೆ ಮತ್ತೆ ಸಾಮಾನ್ಯ ಸದಸ್ಯರಾಗಿ ಹಕ್ಕಿ ನೋಡಿಕೊಂಡಿರಲು ಅವಕಾಶವಿರಲಿ.

ಕೀಲಿಕೈ ಒಬ್ಬರ ಬಳಿಯೇ ಇದ್ದರೆ

ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ಕ್ಕೆ ಮುಚ್ಚಿತು. ಅದಕ್ಕೂ ಒಂದು ವರ್ಷ ಮೊದಲೇ, ಹಳೆಯ ಸಂದೇಶಗಳನ್ನೂ ಕಡತಗಳನ್ನೂ ಅಳಿಸುವುದಾಗಿ ಕಂಪನಿ ಹೇಳಿತ್ತು. ಬೆಂಗಳೂರಿನ ಹಕ್ಕಿ ವೀಕ್ಷಕರೂ ಸೇರಿ ಭಾರತದ ಎಷ್ಟೋ ಹವ್ಯಾಸಿಗಳು ಅಲ್ಲಿ ವರ್ಷಗಟ್ಟಲೆ ಬರೆದಿದ್ದರು: ಯಾವ ಕೆರೆಗೆ ಯಾವ ವರ್ಷ ಬಾತುಗಳು ಬಂದವು, ಯಾವ ಮರ ಕಡಿದ ಮೇಲೆ ಯಾವ ಗೂಡು ಕಾಣೆಯಾಯಿತು ಎಂಬಂಥ, ಬೇರೆಲ್ಲೂ ಸಿಗದ ಮಾಹಿತಿ. ಅಂಥ ಸಂದರ್ಭದಲ್ಲಿ ಎಚ್ಚರದ ಅಡ್ಮಿನ್‌ಗಳಿದ್ದ ಗುಂಪು ಎಲ್ಲವನ್ನೂ ಇಳಿಸಿಕೊಂಡು ಬೇರೆಡೆಗೆ ಹೋಗಬಲ್ಲದು. ಪಾಸ್‌ವರ್ಡ್ ಮರೆತ, ಹವ್ಯಾಸವನ್ನೇ ಬಿಟ್ಟ, ತೀರಿಹೋದ ಒಬ್ಬರ ಹೆಸರಿನಲ್ಲಷ್ಟೇ ಇದ್ದ ಗುಂಪಿಗೆ ಆ ದಾರಿ ಇಲ್ಲ. ಆದ್ದರಿಂದ ಯಾವ ದಿನ ನೋಡಿದರೂ ಕನಿಷ್ಠ ಇಬ್ಬರ ಬಳಿ ಪೂರ್ಣ ಅಧಿಕಾರ ಇರಬೇಕು, ಅವರಲ್ಲಿ ಒಬ್ಬರಾದರೂ ಕಳೆದ ಎರಡು ವರ್ಷದೊಳಗೆ ಗುಂಪಿಗೆ ಬಂದವರಾಗಿರಬೇಕು. ಹಳೆಯ ಚರ್ಚೆಗಳ ಪ್ರತಿಯನ್ನು ವರ್ಷಕ್ಕೊಮ್ಮೆ ಇಳಿಸಿಟ್ಟುಕೊಳ್ಳುವ ಕೆಲಸ ಅವರ ಪಟ್ಟಿಯಲ್ಲಿ ಮೊದಲನೆಯದಾಗಿರಬೇಕು.